ಓಬಳಮ್ಮ ಎತ್ತಿಟ್ಟುಕೊಂಡ ತಟ್ಟೆ

ಬಡವನಹಳ್ಳಿಯ ಸಂತೆ ಬೀದಿಗೆ ಇನ್ನೂ ಸರಿಯಾಗಿ ಬೆಳಕು ಬಿದ್ದಿಲ್ಲ. ತರಕಾರಿ ಮೂಟೆ ಇಳಿಸುವವರ ಬೀಡಿ ಕಿಡಿ ಅಲ್ಲೊಂದು ಇಲ್ಲೊಂದು ಕಾಣುತ್ತಿದೆ. ರಸ್ತೆ ಪಕ್ಕದ ಶೀಟಿನ ಹೋಟೆಲಿನೊಳಗೆ ಮಾತ್ರ ಕೆಲಸ ಆಗಲೇ ಭರದಿಂದ ಸಾಗಿದೆ. ಕುದಿಯುವ ಹಿಟ್ಟಿನ ಪಾತ್ರೆಯನ್ನು ಒಲೆಯಿಂದ ಇಳಿಸಿ, ಅದರ ಬಾಯಿಗೆ ಅಡ್ಡಕೊಟ್ಟ ಕಟ್ಟಿಗೆಯನ್ನು ಕಾಲಲ್ಲಿ ಅದುಮಿ ಹಿಡಿದು, ಎದೆಮಟ್ಟದ ಕೋಲಿನಿಂದ ಓಬಳಮ್ಮ ಮುದ್ದೆ ತೊಳಸುತ್ತಿದ್ದಾರೆ. ಹಬೆ ಮುಖಕ್ಕೆ ರಾಚುತ್ತಿದೆ. ಗಂಟು ಒಡೆಯುವ ತನಕ ಕೈ ನಿಲ್ಲಿಸುವಂತಿಲ್ಲ, ಮಾತಾಡುವಂತಿಲ್ಲ. ಪತ್ರಿಕೆಗೆ ಬರೆಯಲು ಬಂದ ನಾನು ಪಕ್ಕಕ್ಕೆ ಸರಿದು ನಿಂತೆ.

ಹಿಟ್ಟು ಹದಕ್ಕೆ ಬಂದ ಮೇಲೆ ಅವರು ಬಾಗಿಲು ತೆಗೆಸುತ್ತಾರೆ ಎಂದುಕೊಂಡೆ. ಇಲ್ಲ. ಅಟ್ಟಣೆಯಿಂದ ಎರಡು ಸ್ಟೀಲ್ ತಟ್ಟೆ ಇಳಿಸಿದರು. ಕಿತ್ತಳೆ ಹಣ್ಣಿನಷ್ಟು ಒಂದು ಮುದ್ದೆ ಕಟ್ಟಿ ತಟ್ಟೆಯ ಮೂಲೆಗೆ ಕೂರಿಸಿದರು. ಅದರ ಪಕ್ಕಕ್ಕೆ ಹುರುಳಿಕಾಳು ಪಲ್ಯ, ಬೇಯಿಸಿದ ಮೊಟ್ಟೆ. ಉಳಿದರ್ಧ ತಟ್ಟೆಗೆ ಸೊಪ್ಪು, ಹೆಚ್ಚಿದ ಸೌತೆಕಾಯಿ. ಇನ್ನೊಂದು ತಟ್ಟೆಗೂ ಅದೇ, ಆದರೆ ಸ್ವಲ್ಪ ಕಡಿಮೆ. ಎರಡಕ್ಕೂ ಮುಚ್ಚಳ ಮುಚ್ಚಿ ಅಟ್ಟಣೆಯ ಮೇಲಿಟ್ಟು, ಆಮೇಲೆ ಗಲ್ಲಾದಲ್ಲಿ ಕೂತಿದ್ದ ಗಂಡನಿಗೆ ಕೂಗಿ ಹೇಳಿದರು: “ಇನ್ನು ಬಾಗ್ಲು ತೆಗೀರಿ.”

ಮೊದಲು ಒಳಬಂದವರು ಕೊರಟಗೆರೆಯಿಂದ ಸಾಮಾನು ತರುವ ಟೆಂಪೊ ಚಾಲಕ ಕುಮಾರಸ್ವಾಮಿ. ಕೂರುವುದಕ್ಕೂ ಮುಂಚೆ ಅವರ ಕಣ್ಣು ಅಟ್ಟಣೆಗೆ ಹೋಯಿತು.

“ಯಾರಿಗಕ್ಕಾ ಅವು? ಸಾಹೇಬ್ರು ಬರ್ತಾರಾ?”

“ಯಾವ ಸಾಹೇಬ್ರೂ ಇಲ್ಲ ಕಣಪ್ಪ. ಒಂದು ನಂದು, ಒಂದು ನಮ್ಮತ್ತೇದು. ದಿನಾ ಕೇಳ್ತೀಯಲ್ಲ, ನಾಚ್ಕೆ ಆಗಲ್ವಾ ನಿಂಗೆ?”

ಅಡುಗೆ ಮಾಡುವ ಹೆಂಗಸು ತನಗೆಂದು ಒಂದು ತಟ್ಟೆ ಎತ್ತಿಟ್ಟುಕೊಂಡಳು, ಇದರಲ್ಲಿ ಬರೆಯುವುದೇನಿದೆ ಎಂದು ನಮ್ಮ ಪತ್ರಿಕೆಯ ಡೆಸ್ಕಿನವರು ಕೇಳಿದ್ದರು. ಇದೆ ಸ್ವಾಮಿ, ಬೇಕಾದಷ್ಟಿದೆ. ಆ ತಟ್ಟೆ ಅಟ್ಟಣೆ ಏರಲು ಓಬಳಮ್ಮ ಒಂದು ಇಡೀ ಚಳಿಗಾಲ ಹೋರಾಡಿದ್ದಾರೆ. ಮೊದಲು ತಮ್ಮ ತಪ್ಪು ತಿಳಿವಳಿಕೆಯ ಜೊತೆ, ಆಮೇಲೆ ಅತ್ತೆಯ ಜೊತೆ, ಕೊನೆಗೆ ತಮ್ಮದೇ ಕೈಯ ಜೊತೆ.

ಓಬಳಮ್ಮನಿಗೆ ಈಗ ಐವತ್ತರ ಆಸುಪಾಸು. ತವರು ಪಾವಗಡ ಕಡೆ, ನಾಗಲಮಡಿಕೆ ಹತ್ತಿರದ ಹಳ್ಳಿ. ಇಷ್ಟು ವರ್ಷವಾದರೂ ಸಿಟ್ಟು ಬಂದಾಗ ಅವರ ಬಾಯಲ್ಲಿ ತೆಲುಗೇ ಮೊದಲು ಬರುವುದು. ಮದುವೆಯಾಗಿ ಬಂದಾಗ ಈ ಹೋಟೆಲ್ ನಡೆಸುತ್ತಿದ್ದವರು ಅತ್ತೆ ಕೊಲ್ಲಾಪುರಮ್ಮ. “ನಮ್ಮೂರಾಗೆ ಸಂಗಟಿ ಅಂತೀವಿ, ಇಲ್ಲಿ ಮುದ್ದೆ ಅಂತಾರೆ. ಹೆಸ್ರು ಬ್ಯಾರೆ, ರಟ್ಟೆ ನೋವು ಒಂದೇಯ,” ಎಂದು ಓಬಳಮ್ಮ ನಗುತ್ತಾರೆ. ಅತ್ತೆಯ ಭುಜ ಸೋತ ವರ್ಷ, ಹಿಡಿದು ಹಿಡಿದು ನುಣುಪಾದ ಅದೇ ಕೋಲು ಸೊಸೆಯ ಕೈಗೆ ಬಂತು. ಅಂದಿನಿಂದ ಅದು ಬೇರೆಯವರ ಕೈಗೆ ಹೋಗಿಲ್ಲ. ಸಾಮಾನ್ಯ ದಿನಗಳಲ್ಲಿ ನೂರರ ಹತ್ತಿರ ಮುದ್ದೆ ಆಗುತ್ತವೆ, ಸಂತೆ ದಿನ ಅದರ ಎರಡರಷ್ಟು.

ಕಳೆದ ದಸರಾ ಹೊತ್ತಿಗೆ ಮೊಣಕಾಲು ಕೈಕೊಟ್ಟಿತು. ತೊಳಸುವಾಗ ಒಂದು ಕಾಲು ಕಟ್ಟಿಗೆಯ ಮೇಲೆ, ದೇಹದ ಭಾರವೆಲ್ಲ ಇನ್ನೊಂದರ ಮೇಲೆ. ಬೆಳಗ್ಗೆ ಏಳುವಾಗ ಗೋಡೆ ಹಿಡಿಯಬೇಕಾಯಿತು. ಮಧುಗಿರಿಯ ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇ ನೋಡಿ, ಸವೆದಿದೆ ನಿಜ, ಆದರೆ ಮೊದಲು ತೂಕ ಇಳಿಯಬೇಕು ಎಂದರು. ಹತ್ತು ಕೆಜಿಯಾದರೂ ಇಳಿಯಲಿ, ಇಲ್ಲದಿದ್ದರೆ ನಿಂತು ಮಾಡುವ ಈ ಕೆಲಸ ಬಿಡಬೇಕಾಗುತ್ತದೆ ಎಂದೂ ಹೇಳಿದರು.

ಗಂಡ ಸಣ್ಣರಂಗಯ್ಯ ಒಳ್ಳೆಯ ಮನುಷ್ಯ. ಹೆಂಡತಿ ನರಳುವುದನ್ನು ನೋಡಲಾರದೆ ಶಿರಾದಿಂದ ಒಬ್ಬ ಅಡುಗೆಯವನನ್ನು ಗೊತ್ತುಮಾಡಿ ಕರೆದುಕೊಂಡೇ ಬಂದರು. “ನೀನು ಸುಮ್ನೆ ಕುಂತ್ಕಂಡು ಹೇಳು, ಅವ್ನು ತಿರುವ್ತಾನೆ,” ಎಂದರಂತೆ. ಎರಡು ದಿನ ಆ ಮನುಷ್ಯ ತಿರುವಿದ. ಮುದ್ದೆ ಮುರಿದರೆ ಒಳಗೆ ಹಸಿ ಹಿಟ್ಟಿನ ಗಂಟು! ಗಿರಾಕಿಗಳು ಏನೂ ಅನ್ನಲಿಲ್ಲ, ಆದರೆ ಎರಡನೇ ಮುದ್ದೆಯನ್ನೂ ಕೇಳಲಿಲ್ಲ. ಓಬಳಮ್ಮ ಮೂರನೇ ದಿನ ಬೆಳಗ್ಗೆ ಕೋಲು ಕಿತ್ತುಕೊಂಡರು.

“ಕೋಲು ಬ್ಯಾರೆಯೋರ ಕೈಗೆ ಹೋದ್ರೆ ಈ ಹೋಟ್ಲು ನಂದಲ್ಲ ಸಾರ್. ಗಲ್ಲಾದಾಗೆ ಯಾರ್ ಬೇಕಾದ್ರೂ ಕುಂತ್ಕಬೋದು. ನಾನು ಇವ್ರಿಗೆ ಹೇಳ್ಬುಟ್ಟೆ, ಶಿವರಾತ್ರಿ ಗಂಟ ಟೈಮ್ ಕೊಡ್ರಿ, ತೂಕ ಇಳಿಸ್ತೀನಿ. ಆಗ್ದಿದ್ರೆ ನಾನೇ ಕೋಲು ಎತ್ಕೊಡ್ತೀನಿ ಅಂತ.”

ಹೇಳುವುದೇನೋ ಹೇಳಿದರು. ಇಳಿಸುವುದು ಹೇಗೆ? ತೂಕ ಇಳಿಸುವ ಸಲಹೆಗೆ ಈಗ ಬರವಿಲ್ಲ, ಮೊಬೈಲು ಮುಟ್ಟಿದರೆ ಸಾಕು, ಸುರಿಯುತ್ತದೆ. ಓಟ್ಸ್ ತಿನ್ನಿ, ಆವಕಾಡೊ ತಿನ್ನಿ ಎನ್ನುತ್ತಾರೆ ಮಹಾನುಭಾವರು. ಬಡವನಹಳ್ಳಿ ಸಂತೆಯಲ್ಲಿ ಆವಕಾಡೊ ಕೇಳಿ ನೋಡಿ, ಬದನೆಕಾಯಿ ತೂಗಿ ಕೊಟ್ಟು ಕಳಿಸುತ್ತಾರೆ. ಓಬಳಮ್ಮ ತಮಗೆ ತಿಳಿದಂತೆ ಮಾಡಿದರು. ಮುದ್ದೆಯಿಂದಲೇ ದಪ್ಪ ಆಗುವುದು ಎಂದು ಯಾರೋ ಅಂದದ್ದಕ್ಕೆ ಮುದ್ದೆಯನ್ನೇ ಬಿಟ್ಟುಬಿಟ್ಟರು. ದಿನವಿಡೀ ಮುದ್ದೆ ಕಟ್ಟುವ ಹೆಂಗಸು ಮಜ್ಜಿಗೆ ಕುಡಿದುಕೊಂಡು ಇದ್ದರು. ಒಂದು ವಾರವೂ ಆಗಿರಲಿಲ್ಲ, ಬೆಳಗಿನ ಜಾವ ಕೋಲು ಹಿಡಿದು ನಿಂತಿದ್ದವರಿಗೆ ಕಣ್ಣು ಕತ್ತಲೆ ಬಂತು.

“ಹಿಟ್ಟಿನ ಪಾತ್ರೆ ಮ್ಯಾಲೇ ವಾಲ್ತಾ ಇದ್ಲು,” ಎನ್ನುತ್ತಾರೆ ಕೊಲ್ಲಾಪುರಮ್ಮ. ಎಪ್ಪತ್ತು ದಾಟಿದ ಅವರು ಈಗಲೂ ಒಲೆಯ ಪಕ್ಕದ ಮಣೆ ಬಿಟ್ಟು ಏಳುವುದು ಅಪರೂಪ. “ಸೆರಗು ಹಿಡಿದು ಎಳ್ಕಂಡೆ. ಇಬ್ರೂ ಬಿದ್ವಿ. ನನ್ನ ಸೊಂಟ ಇವತ್ತಿಗೂ ನೋಯ್ತೈತೆ. ಅವತ್ತು ಬೈದೆ ನೋಡು, ಯಾವತ್ತೂ ಅಂಗೆ ಬೈದಿರ್ಲಿಲ್ಲ.”

ಮುದ್ದೆ ಬಿಡುವುದು ತಪ್ಪು ಎಂದು ಗೊತ್ತಾಯಿತು. ಅಷ್ಟರಲ್ಲಿ ಒಂದು ಹೊಸ ಮಾತು ಕಿವಿಗೆ ಬಿತ್ತು: ಪ್ರೋಟೀನ್. ತೂಕ ಇಳಿಯಬೇಕಾದರೆ ಪ್ರೋಟೀನ್ ತಿನ್ನಬೇಕಂತೆ, ಕಡ್ಲೆಕಾಯಿ ಬೀಜದಲ್ಲಿ ಅದು ಜಾಸ್ತಿಯಂತೆ. ಸರಿ, ಕೇಳಬೇಕೇ? ಪಾವಗಡದ ತವರಿನಲ್ಲಿ ಬೆಳೆಯುವುದೇ ಕಡ್ಲೆಕಾಯಿ. ಅಣ್ಣನ ಮನೆಯಿಂದ ಮೂಟೆ ಬಂದು ಮೂಲೆಯಲ್ಲಿ ಕೂತಿತ್ತು. ಓಬಳಮ್ಮ ಒಲೆಯ ಕೆಂಡದಲ್ಲಿ ಹುರಿದು, ಮಡಿಲಿಗೆ ಹಾಕಿಕೊಂಡು, ಸಾರು ಬಡಿಸುತ್ತಾ ಬಾಯಾಡಿಸಿದರು. ದಿನಕ್ಕೆ ಒಂದೇ ಊಟ, ಉಳಿದಂತೆ ಬೀಜ. ಹಸಿವಾದರೆ ಇನ್ನೊಂದು ಹಿಡಿ. ಔಷಧಿ ತಿನ್ನುವಷ್ಟೇ ಶ್ರದ್ಧೆಯಿಂದ ತಿಂದೆ ಎನ್ನುತ್ತಾರೆ. ದೀಪಾವಳಿ ಕಳೆದು ಆಸ್ಪತ್ರೆಯ ತೂಕದ ಮೆಷಿನ್ ಹತ್ತಿದರೆ ಮೂರು ಕೆಜಿ ಏರಿತ್ತು.

“ಅಯ್ಯೋ ದೇವುಡಾ ಅಂದೆ. ಮಿಷೀನ್ ಕೆಟ್ಟೋಗೈತೆ, ಇನ್ನೊಂದ್ ತನ್ನಿ ಅಂದೆ. ಆವಮ್ಮ ನಗ್ಲಿಲ್ಲ. ಬನ್ನಿ ಕುಂತ್ಕಳಿ ಅಂದ್ಲು. ಅವತ್ತು ನಕ್ಕಿದ್ರೆ ನಾನು ಇನ್ನೊಂದ್ ಸಲ ಆ ಕಡಿಗೆ ತಲೆ ಹಾಕ್ತಿರ್ಲಿಲ್ಲ ಸಾರ್.”

ನಗದೆ ಕೂರಿಸಿದ ‘ಆವಮ್ಮ’ ಎಂದರೆ ಆ ಆಸ್ಪತ್ರೆಯಲ್ಲಿ ಆಹಾರ ಸಲಹೆ ಕೊಡುವ ಸಹನಾ. ಶಿರಾ ಕಡೆಯವರು, ಮುದ್ದೆ ಉಂಡೇ ಬೆಳೆದವರು. ಅವರನ್ನು ಮಧುಗಿರಿಯಲ್ಲಿ ಭೇಟಿಯಾದಾಗ ಅಂದಿನ ಮಾತುಕತೆ ಅವರಿಗೆ ಚೆನ್ನಾಗಿ ನೆನಪಿತ್ತು. ಹಿಂದಿನ ದಿನ ಏನು ಅಡುಗೆ ಮಾಡಿದಿರಿ ಎಂದು ಅವರು ಕೇಳಿದರು. ಓಬಳಮ್ಮ ಹೆಮ್ಮೆಯಿಂದ ಹೇಳಿದರು: ಹುರುಳಿಕಾಳು ಬಸ್ಸಾರು, ಕಾಳು ಸೊಪ್ಪಿನ ಪಲ್ಯ, ಮೊಟ್ಟೆ, ಮುದ್ದೆ, ಮಜ್ಜಿಗೆ.

“ಊಟ ಅಂದ್ರೆ ಇದೇ ಅಲ್ವಾ ಅಂದೆ ನಾನು,” ಎನ್ನುತ್ತಾರೆ ಸಹನಾ. “ಇದರಲ್ಲಿ ನೀವು ಉಂಡಿದ್ದು ಏನು ಅಂತ ಕೇಳಿದೆ. ಅವರು ಮೆಲ್ಲಗೆ ಹೇಳಿದ್ರು, ಮೂರು ಗಂಟೆಗೆ, ಗಿರಾಕಿ ಎಲ್ಲಾ ಹೋದ ಮೇಲೆ, ಉಳಿದಿದ್ದ ಎರಡು ಮುದ್ದೆ, ಸಾರಿನ ತಿಳಿ ಅಂತ. ಪಲ್ಯ ಮುಗಿದೋಗಿತ್ತಂತೆ. ಮೊನ್ನೆ? ಮೊನ್ನೆನೂ ಅದೇ. ಅದರ ಹಿಂದಿನ ದಿನ? ಅದೇ.”

ಬಸ್ಸಾರು ಗೊತ್ತಿಲ್ಲದವರಿಗೆ ಒಂದು ಮಾತು. ಕಾಳು, ಸೊಪ್ಪು ಬೇಯಿಸಿ ನೀರು ಬಸಿಯುತ್ತಾರೆ. ಬಸಿದ ನೀರಿಗೆ ಖಾರ ಬಿದ್ದು ಸಾರಾಗುತ್ತದೆ, ಕಾಳು ಸೊಪ್ಪಿಗೆ ಒಗ್ಗರಣೆ ಬಿದ್ದು ಪಲ್ಯವಾಗುತ್ತದೆ. ಮೊದಲು ಉಂಡವರಿಗೆ ಎರಡೂ ಸಿಗುತ್ತವೆ. ಕೊನೆಗೆ ಉಣ್ಣುವವರಿಗೆ ತಿಳಿ ಮಾತ್ರ. ನಮ್ಮ ಮನೆಗಳಲ್ಲಿ ಕೊನೆಗೆ ಉಣ್ಣುವವರು ಯಾರು ಎಂದು ನಾನು ಬೇರೆ ಹೇಳಬೇಕೆ? ಪ್ರತಿದಿನ ಇಷ್ಟು ಜನಕ್ಕೆ ಕಾಳು ಬಡಿಸಿದ ಹೆಂಗಸಿನ ಹೊಟ್ಟೆಗೆ ಕಾಳು ಬಿದ್ದಿರಲಿಲ್ಲ. ಇದನ್ನು ಕೇಳಿದಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಎಂದು ಮಾತ್ರ ತಿಳಿಯಲಿಲ್ಲ.

ಸಹನಾ ವಿವರಿಸಿದ್ದು ಸರಳವಾಗಿದೆ. ಮುದ್ದೆಯಲ್ಲಿ ಇರುವುದು ಹೆಚ್ಚಾಗಿ ಕಾರ್ಬೊಹೈಡ್ರೇಟ್, ದುಡಿಯುವ ಮೈಗೆ ಬೇಕಾದ ಕಸುವು. ಅದನ್ನು ಪೂರ್ತಿ ಬಿಟ್ಟು ಕೋಲು ಹಿಡಿದರೆ ತಲೆ ಸುತ್ತದೆ ಇನ್ನೇನಾದೀತು? ಕಾಳು, ಮೊಟ್ಟೆ, ಮಜ್ಜಿಗೆಯಲ್ಲಿ ಪ್ರೋಟೀನ್ ಸಿಗುತ್ತದೆ. ತೂಕ ಇಳಿಯುವಾಗ ಕೊಬ್ಬಿನ ಜೊತೆ ಮಾಂಸಖಂಡವೂ ಕರಗಿ ಹೋಗದಂತೆ ಅದು ಕಾಯುತ್ತದೆ, ಬೇಗ ಹಸಿವಾಗದಂತೆ ತಡೆಯುತ್ತದೆ. ಇನ್ನು ಎಣ್ಣೆ, ಬೀಜ, ಕೊಬ್ಬರಿಯ ಕೊಬ್ಬು. ಅದೂ ಬೇಕು, ಆದರೆ ಒಂದೇ ತೂಕದ ಹಿಟ್ಟಿಗಿಂತ, ಕಾಳಿಗಿಂತ ಎಣ್ಣೆಯಲ್ಲಿ ಎರಡು ಪಟ್ಟಿಗೂ ಹೆಚ್ಚು ಕ್ಯಾಲರಿ.

“ಬೀಜದಲ್ಲಿ ಪ್ರೋಟೀನ್ ಇಲ್ವಾ ಅಂತ ನನ್ನ ಜೊತೆ ಜಗಳಕ್ಕೇ ನಿಂತ್ರು. ಇದೆ, ಖಂಡಿತ ಇದೆ. ಆದ್ರೆ ಅದರ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಎಣ್ಣೆ. ಗಾಣಕ್ಕೆ ಹಾಕಿದ್ರೆ ಎಣ್ಣೆ ಬರುತ್ತಲ್ಲಮ್ಮ, ಹೊಟ್ಟೆಗೆ ಹಾಕಿದ್ರೆ ಆ ಎಣ್ಣೆ ಎಲ್ಲಿ ಹೋಗುತ್ತೆ ಅಂತ ಕೇಳಿದೆ. ಆಗ ಒಪ್ಪಿದ್ರು.”

ಓಬಳಮ್ಮನಿಗೆ ಸಹನಾ ಓಟ್ಸ್ ಹೇಳಲಿಲ್ಲ. ಅವರೇ ಬೇಯಿಸುವ ಊಟವನ್ನು ತಟ್ಟೆಯಲ್ಲಿ ಬೇರೆ ತರಹ ಕೂರಿಸಿದರು. ತಟ್ಟೆಯ ಅರ್ಧಕ್ಕೆ ಸೊಪ್ಪು ತರಕಾರಿ, ಕಾಲು ಭಾಗಕ್ಕೆ ಕಾಳು ಮೊಟ್ಟೆ, ಇನ್ನು ಕಾಲು ಭಾಗಕ್ಕೆ ಮುದ್ದೆ. ಒಗ್ಗರಣೆಗೆ ಎಣ್ಣೆ ಸೌಟಿನಿಂದ ಸುರಿಯದೆ ಚಮಚದಲ್ಲಿ ಹಾಕಬೇಕು. ಬೀಜ ತಿನ್ನಬಹುದು, ಆದರೆ ಸಂಜೆ ಒಂದು ಸಣ್ಣ ಹಿಡಿ, ಅದೂ ಕೂತುಕೊಂಡು. ಮುದ್ದೆಯನ್ನು ಗಬಗಬನೆ ನುಂಗದೆ ನಡುನಡುವೆ ಪಲ್ಯ ಅಗಿದು ಉಣ್ಣಬೇಕು. ಇದೇ ಅಳತೆ ಎಲ್ಲರಿಗೂ ಹೊಂದುವುದಿಲ್ಲ ಎಂಬ ಎಚ್ಚರಿಕೆಯನ್ನೂ ಸಹನಾ ಸೇರಿಸುತ್ತಾರೆ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು, ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಊಟ ಬದಲಿಸಬಾರದು.

ಇಷ್ಟೆಲ್ಲ ಆಗಬೇಕಾದರೆ ಒಂದೇ ಒಂದು ಕೆಲಸ ಮೊದಲು ಆಗಬೇಕಿತ್ತು. ಕಾಳು ಖಾಲಿಯಾಗುವ ಮುಂಚೆ ಓಬಳಮ್ಮ ತಮ್ಮ ಪಾಲು ಎತ್ತಿಡಬೇಕಿತ್ತು. ಮಾರನೇ ದಿನವೇ ಎತ್ತಿಟ್ಟರು. ಕೊಲ್ಲಾಪುರಮ್ಮ ಕೆಂಡವಾದರು.

“ಗಿರಾಕಿ ಎಲೆ ಮುಂದೆ ಕೂರೋಕ್ಕೆ ಮುಂಚೆ ಅಡಿಗೆ ಮಾಡೋಳು ಎತ್ತಿಟ್ಕಳದಾ? ಹೊಟ್ಟೆಬಾಕಿ ಅನ್ನಲ್ವಾ ಜನ? ನಾನು ಈ ಒಲೆ ಹಚ್ಚಿದಾಗಿಂದ ಒಂದಿನಾನಾದ್ರೂ ಅಂಗೆ ಮಾಡಿದ್ನಾ?” ಇದು ಅಂದಿನ ಮಾತು. ಅದನ್ನು ನನ್ನೆದುರು ಹಾಗೆಯೇ ಒಪ್ಪಿಸಿದವರು ಸ್ವತಃ ಕೊಲ್ಲಾಪುರಮ್ಮ, ಒಂದಿಷ್ಟೂ ಮುಜುಗರವಿಲ್ಲದೆ.

ಅತ್ತೆ ಮಾತು ಬಿಟ್ಟರು. ಓಬಳಮ್ಮ ತಟ್ಟೆ ಬಿಡಲಿಲ್ಲ. ಮೊದಮೊದಲು ಅವರ ಕೈಯೇ ಅವರ ಮಾತು ಕೇಳುತ್ತಿರಲಿಲ್ಲ. ಪಲ್ಯ ಮುಗಿದ ಹೊತ್ತಿಗೆ ಯಾರಾದರೂ ಹಸಿದು ಬಂದರೆ ಕೈ ತಾನಾಗಿ ಅಟ್ಟಣೆಗೆ ಹೋಗುತ್ತಿತ್ತು. ಎಷ್ಟೋ ದಿನ ಎತ್ತಿಟ್ಟ ತಟ್ಟೆ ಗಿರಾಕಿಯ ಮುಂದೆ ಹೋಯಿತು. ಆ ವಾರ ತೂಕ ಇಳಿಯಲಿಲ್ಲ, ಅವರೂ ಸುಳ್ಳು ಹೇಳಲಿಲ್ಲ. ಕೊಟ್ಬುಟ್ಟೆ ಮೇಡಂ ಎಂದು ಸಹನಾ ಮುಂದೆ ತಲೆ ತಗ್ಗಿಸಿದರು. ನಾಳೆ ಮತ್ತೆ ಎತ್ತಿಡಿ ಎಂದರು ಸಹನಾ. ಎತ್ತಿಟ್ಟರು. ಬೆಳಗಿನ ಪಂಕ್ತಿ ಮುಗಿದು ಹನ್ನೊಂದರ ಸುಮಾರಿಗೆ ಬಿಡುವಾದಾಗ ಸ್ಟೂಲಿನ ಮೇಲೆ ಕೂತು ಉಣ್ಣುವುದನ್ನು ಹಟ ಹಿಡಿದು ರೂಢಿ ಮಾಡಿಕೊಂಡರು. ಸಂಕ್ರಾಂತಿಯ ಅವರೆಕಾಳು, ಎಳ್ಳು ಬೆಲ್ಲ ಯಾವುದನ್ನೂ ಬಿಡಲಿಲ್ಲ, ಆದರೆ ತಟ್ಟೆಯ ಆಚೆಗೆ ಹೋಗಲೂ ಇಲ್ಲ.

ಅತ್ತೆಯ ಮೌನ ಮುರಿದದ್ದು ಎರಡನೇ ತಟ್ಟೆಯಿಂದ. ಓಬಳಮ್ಮನಿಗೆ ಒಂದು ದಿನ ಹೊಳೆಯಿತು, ತಾವು ಕೊನೆಗೆ ಉಣ್ಣುತ್ತಿದ್ದಷ್ಟು ದಿನವೂ ಪಕ್ಕದಲ್ಲಿ ಕೂತು ಅದೇ ತಿಳಿ ಉಣ್ಣುತ್ತಿದ್ದವರು ಅತ್ತೆ. ಇನ್ನೊಂದು ತಟ್ಟೆ ಎತ್ತಿಟ್ಟು ಅವರ ಮುಂದಿಟ್ಟರು. ಮೊದಲ ದಿನ ಕೊಲ್ಲಾಪುರಮ್ಮ ಮುಟ್ಟಲಿಲ್ಲ. ಎರಡನೇ ದಿನ ಮೊಟ್ಟೆ ಮಾತ್ರ ತಿಂದರು. ಮೂರನೇ ದಿನ ತಟ್ಟೆ ಖಾಲಿಯಾಗಿತ್ತು.

“ಆಗೆಲ್ಲಾ ಬೇಯ್ಸಿದ್ದು ನಾನೇಯಾ,” ಎಂದು ಆ ಮುದುಕಿ ಒಲೆಯ ಕಡೆ ನೋಡುತ್ತಾ ಹೇಳಿದರು. “ಒಗ್ಗರಣೆ ನಂದೇ, ಉಪ್ಪು ನಂದೇ. ಕಾಳು ತುಂಬಿರೋ ತಟ್ಟೆ ನನ್ ಮುಂದೆ ಯಾರಾನಾ ತಂದಿಕ್ಕಿದ್ದು ಅವತ್ತೇ ಕಣಪ್ಪ. ಅಳು ಬಂದ್ಬುಡ್ತು ನಂಗೆ. ಖಾರ ಜಾಸ್ತಿ ಆಗೈತೆ ಅಂತ ಇವ್ಳನ್ನ ಬೈದೆ.” ಓಬಳಮ್ಮ ಪಕ್ಕದಲ್ಲೇ ನಿಂತು ನಗುತ್ತಿದ್ದರು. ಖಾರ ಜಾಸ್ತಿ ಇರಲಿಲ್ಲವಂತೆ.

ಶಿವರಾತ್ರಿ ಬಂತು. ತೂಕದ ಮೆಷಿನ್ ಈ ಸಲವೂ ಪೂರ್ತಿ ದಯೆ ತೋರಲಿಲ್ಲ. ಬೀಜ ತಿಂದು ಏರಿದ್ದೆಲ್ಲ ಕಳೆದು, ಮೊದಲಿದ್ದ ತೂಕದಿಂದ ಏಳು ಕೆಜಿ ಇಳಿದಿತ್ತು. ಡಾಕ್ಟರು ಹೇಳಿದ್ದು ಹತ್ತು. ಸಣ್ಣರಂಗಯ್ಯನಿಗೆ ಕೊಟ್ಟ ಮಾತು ನೆನಪಿತ್ತು. ಓಬಳಮ್ಮನಿಗೂ ನೆನಪಿತ್ತು. ಮಾರನೇ ದಿನ ಸಂತೆ. ಬೆಳಗಿನ ಜಾವ ಅವರು ಕೋಲನ್ನು ತಂದು ಗಂಡನ ಮುಂದೆ ಗೋಡೆಗೆ ಒರಗಿಸಿದರು. ಆಡಿದ ಮಾತಿಗೆ ತಪ್ಪಬಾರದಲ್ಲ.

“ಇವ್ರು ಕೋಲು ನೋಡಿದ್ರು, ನನ್ ಮಕ ನೋಡಿದ್ರು. ನಮ್ಮತ್ತೆ ಎದ್ದು ಬಂದ್ಳು. ಲೇ ರಂಗ, ಅವ್ಳು ಗೋಡೆ ಹಿಡ್ಕಳ್ದಂಗೆ ಎದ್ದು ಎಷ್ಟ್ ದಿನ ಆಯ್ತು ನೋಡಿದ್ಯೇನ್ಲಾ ನೀನು ಅಂದ್ಳು. ನಮ್ಮತ್ತೇನೇ ಕೋಲು ತಗಂಡು ನನ್ ಕೈಗೆ ಕೊಟ್ಳು. ಸಂತೆ ಪಾತ್ರೆ ಅವತ್ತು ನಾನೇ ತಿರುವ್ದೆ.”

ಇಷ್ಟು ಹೇಳಿ ಓಬಳಮ್ಮ ಸೆರಗಿನಿಂದ ಮುಖದ ಬೆವರು ಒರೆಸಿಕೊಂಡು ಎದ್ದುಹೋದರು. ಡಾಕ್ಟರು ಕೂಡ ಕೆಲಸ ಬಿಡಿ ಎನ್ನಲಿಲ್ಲ. ನಿಧಾನವಾಗಿ ಇಳಿದರೂ ಸರಿ, ಹೀಗೇ ಇಳಿಯಲಿ ಎಂದರಂತೆ. ಸವೆದ ಮೊಣಕಾಲು ಹೊಸದಾಗುವುದಿಲ್ಲ. ಸಂಜೆಯ ಹೊತ್ತಿಗೆ ಈಗಲೂ ನೋವಿದೆ, ಎರಡು ಪಾತ್ರೆಯ ನಡುವೆ ಸ್ಟೂಲಿನ ಮೇಲೆ ಕೂರಲೇಬೇಕು. ಇನ್ನೂ ಮೂರು ಕೆಜಿ ಬಾಕಿ ಇದೆ.

ನಾನು ಹೋದದ್ದೂ ಸಂತೆ ದಿನವೇ. ಹತ್ತೂವರೆಗೆಲ್ಲ ಪಲ್ಯದ ಬೋಗುಣಿ ಬರಿದಾಯಿತು. ಬೆಳಗಿನ ಪಂಕ್ತಿ ಎದ್ದ ಮೇಲೆ ಓಬಳಮ್ಮ ಕೈ ತೊಳೆದು ಅಟ್ಟಣೆಯಿಂದ ತಟ್ಟೆಗಳನ್ನು ಇಳಿಸಿದರು. ಒಂದನ್ನು ಅತ್ತೆಯ ಮುಂದಿಟ್ಟರು. ಅದೇ ಹೊತ್ತಿಗೆ ಬೆಳಗಿನ ಟೆಂಪೊ ಚಾಲಕ ಕುಮಾರಸ್ವಾಮಿ ಎರಡನೇ ಲೋಡು ಇಳಿಸಿ, ಬೆವರು ಸುರಿಸುತ್ತಾ ಮತ್ತೆ ಬಂದರು.

“ಅಕ್ಕಾ, ಒಂದ್ ಊಟ. ಪಲ್ಯ ಜಾಸ್ತಿ ಹಾಕು, ಜೀವ ಹೋಗ್ತೈತೆ.”

“ಪಲ್ಯ ಖಾಲಿ ಆಯ್ತಲ್ಲಪ್ಪ.”

“ಅಯ್ಯೋ, ಕೈಯಾಗೇ ಐತಲ್ಲಕ್ಕ!”

ಓಬಳಮ್ಮ ತಟ್ಟೆ ನೋಡಿದರು, ಕುಮಾರಸ್ವಾಮಿಯ ಮುಖ ನೋಡಿದರು. ಹಸಿದು ಬಂದವರ ಮುಂದೆ ಇಷ್ಟು ವರ್ಷ ಸುಮ್ಮನಿರದ ಕೈ ಅದು. ಮುಚ್ಚಳ ತೆಗೆದೇಬಿಟ್ಟರು, ಒಂದು ಹೆಜ್ಜೆ ಮುಂದೆಯೂ ಬಂದರು. ಮಣೆಯ ಮೇಲಿಂದ ಕೊಲ್ಲಾಪುರಮ್ಮನ ಗಂಟಲು ಹೋಟೆಲಿಗೆಲ್ಲ ಕೇಳಿಸಿತು.

“ಮುಚ್ಚೇ ಅದನ್ನ! ಲೇ ಕುಮಾರ, ಮುದ್ದೆ ಐತೆ, ಸಾರೈತೆ, ಎರಡು ಮೊಟ್ಟೆ ಒಡ್ದು ಹಾಕ್ಕೊಡ್ತೀನಿ, ಕುಂತ್ಕ. ಅದು ಕೋಲು ತಿರುವೋಳ ತಟ್ಟೆ. ಅವ್ಳು ಬಿದ್ರೆ ನಾಳೆಗೆ ನೀನು ತಿರುವ್ತೀಯೇನ್ಲಾ?”

ಹೇಳಿದ್ದಷ್ಟೇ ಅಲ್ಲ, ಸೊಂಟ ಹಿಡಿದುಕೊಂಡು ಎದ್ದು ಬಾಣಲೆ ಇಟ್ಟರು. ಕುಮಾರಸ್ವಾಮಿ ತೆಪ್ಪಗೆ ಬೆಂಚಿನ ತುದಿಗೆ ಕೂತರು. ಓಬಳಮ್ಮ ಸ್ಟೂಲಿನ ಮೇಲೆ ಕೂತು, ಎಲ್ಲರ ಎದುರಿಗೇ, ಒಂದು ತುತ್ತು ಮುದ್ದೆ, ಒಂದು ತುತ್ತು ಕಾಳು ಎಂದು ನಿಧಾನವಾಗಿ ಉಣ್ಣತೊಡಗಿದರು.

ತಟ್ಟೆ ಖಾಲಿಯಾದ ಮೇಲೆ ಅವರಿಗೆ ಏನಾದರೂ ಆಸೆ ಇದೆಯೇ ಎಂದು ಕೇಳಿದೆ. ಮೊದಲು ನಕ್ಕರು. ಆಮೇಲೆ ಅತ್ತೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

“ಮುಂದಿನ ವರ್ಷ ಮಗಂಗೆ ಮದ್ವೆ ಮಾಡ್ಬೇಕು ಸಾರ್. ಸೊಸೆ ಬರ್ತಾಳೆ. ಕೋಲು ಹಿಡೀತಾಳೋ ಇಲ್ವೋ, ಅದು ಅವ್ಳಿಷ್ಟ. ಬಂದ ಮೊದಲ್ನೇ ದಿನ ನಾನು ಅಟ್ಟಣೆ ಮ್ಯಾಲೆ ಮೂರು ತಟ್ಟೆ ಎತ್ತಿಡ್ಬೇಕು.”